ನಿವೇಶನದ ಮಣ್ಣು ಚರಂಡಿಗೆ ಇಳಿಯದಂತೆ: ಸ್ಥಳೀಯ ಉಪವಿಧಿಯಲ್ಲಿ ಏನೇನಿರಬೇಕು?

ಪ್ರಶ್ನೆ: ಕಟ್ಟಡ ಕಾಮಗಾರಿಯ ಸ್ಥಳಗಳಿಂದ ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ನಮ್ಮ ಸ್ಥಳೀಯ ಸಂಸ್ಥೆ ಒಂದು ಉಪವಿಧಿಯನ್ನು ರೂಪಿಸುತ್ತಿದ್ದು, ಕರಡನ್ನು ಪರಿಶೀಲಿಸುವ ಸಮಿತಿಯಲ್ಲಿ ನಾನೂ ಇದ್ದೇನೆ. ಕರಡಿನಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ: ಗುತ್ತಿಗೆದಾರರು ‘ಸೂಕ್ತ ಮುನ್ನೆಚ್ಚರಿಕೆ’ ವಹಿಸಬೇಕು, ಒಂದು ಎಕರೆಗಿಂತ ಚಿಕ್ಕ ನಿವೇಶನಗಳಿಗೆ ವಿನಾಯಿತಿ, ಉಳಿದೆಡೆ ಸುತ್ತಲೂ ಹೂಳುತಡೆ ಬೇಲಿ (ಕೊಚ್ಚಿಬರುವ ಮಣ್ಣನ್ನು ತಡೆಯಲು ಗೂಟಗಳಿಗೆ ಕಟ್ಟುವ ಬಟ್ಟೆಯ ತಡೆ) ಕಡ್ಡಾಯ. ಇಷ್ಟು ಸಾಕೇ? ಪ್ರಯೋಗಾಲಯವಿಲ್ಲದ ಸಣ್ಣ ಕಚೇರಿಯೊಂದು ಇದನ್ನು ಜಾರಿಗೆ ತರುವುದು ಹೇಗೆ?

ಉತ್ತರ: ಇಷ್ಟು ಸಾಲದು. ಸಾಲದು ಎನ್ನುವುದಕ್ಕಿಂತ, ಕರಡು ಹಿಡಿದಿರುವ ದಾರಿಯೇ ಸ್ವಲ್ಪ ತಿರುಗಬೇಕಾಗಿದೆ ಎನ್ನುವುದು ಸರಿ. ಅದರ ಗಮನವೆಲ್ಲ ಮಣ್ಣು ಜಾಗ ಬಿಟ್ಟು ಹೊರಟ ಮೇಲೆ ಅದನ್ನು ಎಲ್ಲಿ ಹಿಡಿಯಬೇಕು ಎಂಬುದರ ಮೇಲಿದೆ. ನಿಯಮವು ಮೊದಲು ಕೇಳಬೇಕಾದದ್ದು ಬೇರೆ: ಒಂದು ಸಲಕ್ಕೆ ಎಷ್ಟು ನೆಲ ಬರಿದಾಗಿರಬಹುದು ಮತ್ತು ಅದು ಎಷ್ಟು ದಿನ ಹಾಗೆಯೇ ಇರಬಹುದು? ಈ ಎರಡಕ್ಕೂ ಅಂಕಿಗಳಲ್ಲಿ ಮಿತಿ ಹಾಕಿದ ಉಪವಿಧಿಯನ್ನು ಅಳತೆಯ ಟೇಪು ಮತ್ತು ಕ್ಯಾಲೆಂಡರ್ ಇರುವ ಯಾವ ಕಚೇರಿಯಾದರೂ ಜಾರಿಗೆ ತರಬಲ್ಲದು. ಅಂಥ ಮಿತಿಯಿಲ್ಲದ ಉಪವಿಧಿಯನ್ನು ಸುಸಜ್ಜಿತ ಪ್ರಯೋಗಾಲಯ ಇರುವವರೂ ಜಾರಿಗೆ ತರಲಾರರು.

ಹೀಗೆ ಹೇಳುವುದಕ್ಕೆ ಆಧಾರ ಸವೆತದ ಲೆಕ್ಕದಲ್ಲಿಯೇ ಇದೆ. ವಿಷ್‌ಮಾಯರ್ ಮತ್ತು ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿ 1978ರಲ್ಲಿ ಪರಿಷ್ಕರಿಸಿದ ಮಣ್ಣುನಷ್ಟದ ಸಮೀಕರಣವು ಮಳೆಯ ಹೊಡೆತ, ಮಣ್ಣಿನ ಸ್ವಭಾವ, ಇಳಿಜಾರಿನ ಉದ್ದ, ಇಳಿಜಾರಿನ ಕಡಿದು, ನೆಲದ ಮೇಲಿನ ಹೊದಿಕೆ ಮತ್ತು ಸಂರಕ್ಷಣಾ ಕ್ರಮ ಎಂಬ ಆರು ಅಂಶಗಳನ್ನು ಒಂದಕ್ಕೊಂದು ಗುಣಿಸುತ್ತದೆ. ಅದು ಹೊಲಗಳಿಗಾಗಿ ಹುಟ್ಟಿದ ಲೆಕ್ಕ. ದೊಡ್ಡ ಕೊರಕಲುಗಳ ಸವೆತವನ್ನು ಅದು ಹಿಡಿಯುವುದಿಲ್ಲ. ಆದರೂ ಯಾವ ಅಂಶ ನಮ್ಮ ಕೈಯಲ್ಲಿದೆ ಎಂಬುದನ್ನು ತೋರಿಸಲು ಅದು ಸಾಕು. ಮಳೆಯನ್ನು ಯಾರೂ ಬದಲಿಸಲಾರರು, ಮಣ್ಣಿನ ಸ್ವಭಾವವನ್ನು ಬದಲಿಸುವುದೂ ಸುಲಭವಲ್ಲ. ಹೊದಿಕೆಯ ಅಂಶ ಮಾತ್ರ ಬರಿನೆಲದಲ್ಲಿ 1 ಇದ್ದದ್ದು, ದಟ್ಟವಾಗಿ ಹುಲ್ಲು ಹಿಡಿದ ನೆಲದಲ್ಲಿ 0.01ರಷ್ಟಕ್ಕೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಎಂದರೆ ಅದೇ ಮಳೆಗೆ, ಅದೇ ಇಳಿಜಾರಿನಲ್ಲಿ ಮಣ್ಣಿನ ನಷ್ಟ ನೂರನೆಯ ಒಂದು ಪಾಲಿಗೆ ಕುಗ್ಗುತ್ತದೆ. ದೊಡ್ಡ ಮಳೆಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿದು ಹೆಂಟೆಯನ್ನು ಒಡೆದು ಕಣಕಣವಾಗಿ ಸಿಡಿಸುತ್ತದೆ; ಹರಿಯುವ ನೀರು ಹೊತ್ತೊಯ್ಯುವುದು ಮುಖ್ಯವಾಗಿ ಹೀಗೆ ಸಡಿಲಗೊಂಡದ್ದನ್ನು. ಆ ಹೊಡೆತವನ್ನು ಹುಲ್ಲೋ ಹರಡಿದ ಒಣಹುಲ್ಲೋ ತಡೆದುಕೊಂಡರೆ ಮುಂದಿನ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.

ಇನ್ನೊಂದು ಕಡೆ, ಹೊರಟ ಮಣ್ಣನ್ನು ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ನೋಡಿ. ನಿಶ್ಚಲವಾದ ನೀರಿನಲ್ಲಿ 0.1 ಮಿಲಿಮೀಟರ್ ಗಾತ್ರದ ಸಣ್ಣ ಮರಳಿನ ಕಣ ಒಂದು ಮೀಟರ್ ಆಳಕ್ಕೆ ಇಳಿಯಲು ಸುಮಾರು ಎರಡು ನಿಮಿಷ ಸಾಕು. 0.01 ಮಿಲಿಮೀಟರಿನ ಗೋಡಿನ ಕಣಕ್ಕೆ ಅದೇ ಆಳಕ್ಕೆ ಮೂರು ಗಂಟೆ ಬೇಕು. 0.001 ಮಿಲಿಮೀಟರಿನ ಜೇಡಿಕಣಕ್ಕೆ ಹೆಚ್ಚುಕಡಿಮೆ ಹದಿಮೂರು ದಿನ ಹಿಡಿಯುತ್ತದೆ, ಅದೂ ನೀರು ಒಂದಿಷ್ಟೂ ಅಲುಗಾಡದಿದ್ದರೆ. ಬೇಲಿಯಾಗಲಿ ಹೂಳುಗುಂಡಿಯಾಗಲಿ ಮರಳನ್ನು ಚೆನ್ನಾಗಿ, ಗೋಡನ್ನು ಒಂದಿಷ್ಟು ಹಿಡಿಯುತ್ತವೆ. ಕೆರೆಯ ನೀರನ್ನು ಕೆಂಪಾಗಿಸಿ ತಿಂಗಳುಗಟ್ಟಲೆ ಹಾಗೆಯೇ ಇಡುವ ಜೇಡಿಯನ್ನು ಅವು ಬಿಟ್ಟೇ ಬಿಡುತ್ತವೆ. ಆದ್ದರಿಂದಲೇ ಬೇಲಿಯೊಂದನ್ನೇ ಕಡ್ಡಾಯ ಮಾಡಿದ ನಿಯಮವನ್ನು ಅಕ್ಷರಶಃ ಪಾಲಿಸಿದ ಜಾಗದಿಂದಲೂ ರಾಡಿ ನೀರು ಹರಿಯುತ್ತಿರುತ್ತದೆ, ಗುತ್ತಿಗೆದಾರರು ತಮ್ಮದೇನೂ ತಪ್ಪಿಲ್ಲ ಎನ್ನುತ್ತಾರೆ, ಆ ನಿಯಮದ ಮಟ್ಟಿಗೆ ಅವರ ಮಾತು ನಿಜವೂ ಆಗಿರುತ್ತದೆ.

ಈಗ ಕರಡಿನ ಅಂಶಗಳಿಗೆ ಬರೋಣ. ‘ಸೂಕ್ತ ಮುನ್ನೆಚ್ಚರಿಕೆ’ ಎಂಬ ಮಾತನ್ನು ಪೂರ್ತಿ ತೆಗೆಯಬೇಕಾಗಿಲ್ಲ, ಆದರೆ ಅದರ ಮೇಲೆ ಯಾವ ಭಾರವನ್ನೂ ಹೊರಿಸಬಾರದು. ಅದರ ಜಾಗದಲ್ಲಿ ಕಾಲದ ಮಿತಿಯನ್ನು ತನ್ನಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕಾಮಗಾರಿ ಪರವಾನಗಿಯ ಷರತ್ತು ಇಲ್ಲಿ ಒಳ್ಳೆಯ ಮಾದರಿ: ಜಾಗದ ಯಾವುದೇ ಭಾಗದಲ್ಲಿ 14 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ನಡೆಯುವುದಿಲ್ಲ ಎಂದಾದರೆ ಆ ಭಾಗವನ್ನು ಸ್ಥಿರಗೊಳಿಸುವ ಕೆಲಸ ತಕ್ಷಣ ಆರಂಭವಾಗಬೇಕು, ಒಂದು ಸಲಕ್ಕೆ ಕೆದಕಿದ ನೆಲ 5 ಎಕರೆಯೊಳಗಿದ್ದರೆ 14 ದಿನಗಳೊಳಗೆ, ಅದನ್ನು ಮೀರಿದರೆ 7 ದಿನಗಳೊಳಗೆ ಮುಗಿಯಬೇಕು. ಮೇರಿಲ್ಯಾಂಡ್ ರಾಜ್ಯ ಇನ್ನೂ ಬಿಗಿ: ಮೂರಕ್ಕೆ ಒಂದಕ್ಕಿಂತ (ಅಡ್ಡಕ್ಕೆ ಮೂರು ಅಡಿ ಸಾಗುವಾಗ ಒಂದು ಅಡಿ ಇಳಿಯುವುದಕ್ಕಿಂತ) ಕಡಿದಾದ ಇಳಿಜಾರುಗಳಿಗೆ ಮತ್ತು ಅಂಚಿನ ಬದು, ಕಾಲುವೆಗಳಿಗೆ 3 ದಿನ, ಉಳಿದ ನೆಲಕ್ಕೆ 7 ದಿನ. ವಾಷಿಂಗ್ಟನ್ ರಾಜ್ಯವು ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದರ ಪಶ್ಚಿಮ ಭಾಗದಲ್ಲಿ ಮಳೆಗಾಲವಾದ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಕೆಲಸ ನಡೆಯದ ಬರಿನೆಲವನ್ನು 2 ದಿನಕ್ಕಿಂತ ಹೆಚ್ಚು ಬಿಡುವಂತಿಲ್ಲ, ಒಣಗಾಲದಲ್ಲಿ 7 ದಿನದವರೆಗೆ ಬಿಡಬಹುದು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಕರಡು ಈ ಕೊನೆಯ ಮಾದರಿಯನ್ನು ಅನುಸರಿಸಬೇಕು. ವರ್ಷವಿಡೀ ಒಂದೇ ಅವಧಿಯನ್ನು ಹೇರಿದರೆ ಒಣಗಾಲದಲ್ಲಿ ಅದು ಅನಗತ್ಯ ಹೊರೆಯಾಗುತ್ತದೆ, ಮಳೆಗಾಲದಲ್ಲಿ ಸಾಲದೆ ಹೋಗುತ್ತದೆ. ನಿಮ್ಮಲ್ಲಿ ದೀರ್ಘಕಾಲದ ಮಳೆಮಾಪನ ದಾಖಲೆಗಳಿದ್ದರೆ ಅವುಗಳನ್ನು ನೋಡಿ ಮಳೆಗಾಲದ ಆರಂಭ ಮತ್ತು ಕೊನೆಯ ತಾರೀಖುಗಳನ್ನು ಉಪವಿಧಿಯಲ್ಲಿಯೇ ನಮೂದಿಸಿ. ‘ಮಳೆ ಶುರುವಾದ ಮೇಲೆ’ ಎಂದು ಬರೆದರೆ ಆ ‘ಮೇಲೆ’ ಯಾವಾಗ ಎಂಬ ವಾದದಲ್ಲಿಯೇ ಮಳೆಗಾಲ ಮುಗಿಯುತ್ತದೆ.

‘ಸ್ಥಿರಗೊಳಿಸುವುದು’ ಎಂದರೇನು ಎಂಬುದಕ್ಕೂ ವ್ಯಾಖ್ಯೆ ಬೇಕು. ಬೀಜ ಎರಚಿದ ಮಾತ್ರಕ್ಕೆ ನೆಲ ಸ್ಥಿರವಾಗುವುದಿಲ್ಲ. ಹುಲ್ಲು ಹಿಡಿಯುವವರೆಗಿನ ವಾರಗಳಲ್ಲಿ ಅದೂ ಬರಿನೆಲವೇ. ಹೆಕ್ಟೇರಿಗೆ ನಾಲ್ಕೈದು ಟನ್ ಒಣಹುಲ್ಲನ್ನು ನೆಲ ಕಾಣದಂತೆ ಹರಡಿ ಗಾಳಿಗೆ ಹಾರದಂತೆ ಮಣ್ಣಿಗೆ ಒತ್ತುವುದು, ನಾರಿನ ಚಾಪೆ ಹಾಸಿ ಗೂಟ ಹೊಡೆಯುವುದು, ಓಡಾಟದ ಜಾಗದಲ್ಲಿ ಜಲ್ಲಿ ಹರಡುವುದು ತಾತ್ಕಾಲಿಕ ಸ್ಥಿರೀಕರಣವಾಗುತ್ತದೆ. ಅಂತಿಮ ಸ್ಥಿರೀಕರಣಕ್ಕೆ ಆ ಪ್ರದೇಶದ ಸಹಜ ಸಸ್ಯಹೊದಿಕೆಯ ಶೇಕಡ 70ರಷ್ಟಾದರೂ ಸಮನಾಗಿ ಬೆಳೆದಿರಬೇಕು ಎಂಬ ಅಳತೆ ಬಳಕೆಯಲ್ಲಿದೆ. ಸಮನಾಗಿ ಎಂಬ ಮಾತನ್ನು ಬಿಡಬೇಡಿ. ಒಂದು ಮೂಲೆಯಲ್ಲಿ ಹುಲುಸಾಗಿ ಬೆಳೆದು ಇಳಿಜಾರಿನ ನಡುವೆ ಬೋಳು ಉಳಿದಿದ್ದರೆ, ಕೊರಕಲು ಹುಟ್ಟುವುದು ಆ ಬೋಳಿನಲ್ಲಿಯೇ.

ವಿನಾಯಿತಿಯ ವಿಷಯದಲ್ಲಿ ನಿಮ್ಮ ಕರಡಿನ ಬಗ್ಗೆ ನನಗೆ ಹೆಚ್ಚಿನ ಆಕ್ಷೇಪವಿದೆ. ಒಂದು ಎಕರೆಯ ಮಿತಿ ಎಲ್ಲಿಂದ ಬಂದಿರಬಹುದು ಎಂಬುದು ಊಹಿಸಲಾಗದ್ದೇನಲ್ಲ. ಅಮೆರಿಕದ ಒಕ್ಕೂಟ ನಿಯಮವು 1990ರಲ್ಲಿ 5 ಎಕರೆಗಿಂತ ದೊಡ್ಡ ಕಾಮಗಾರಿಗಳನ್ನು ಪರವಾನಗಿಯ ವ್ಯಾಪ್ತಿಗೆ ತಂದು, 1999ರ ಎರಡನೆಯ ಹಂತದ ನಿಯಮದ ಮೂಲಕ ಆ ಮಿತಿಯನ್ನು 1 ಎಕರೆಗೆ ಇಳಿಸಿತು. ಆದರೆ ಅದೇ ನಿಯಮದಲ್ಲಿ ಇನ್ನೊಂದು ವಾಕ್ಯವಿದೆ: ಒಂದು ಎಕರೆಗಿಂತ ಚಿಕ್ಕದಾದರೂ ದೊಡ್ಡದೊಂದು ಸಾಮಾನ್ಯ ಯೋಜನೆಯ ಭಾಗವಾಗಿರುವ ಜಾಗ ವ್ಯಾಪ್ತಿಗೆ ಬರುತ್ತದೆ. ಈ ವಾಕ್ಯವಿಲ್ಲದಿದ್ದರೆ, ಹತ್ತು ಎಕರೆಯ ಬಡಾವಣೆಯನ್ನು ಅರ್ಧ ಎಕರೆಯ ಇಪ್ಪತ್ತು ತುಂಡುಗಳಾಗಿಸಿ ಬೇರೆ ಬೇರೆ ಹೆಸರಿನಲ್ಲಿ ಅರ್ಜಿ ಹಾಕಿದರೆ ಒಂದೂ ನಿಯಮಕ್ಕೆ ಸಿಕ್ಕುವುದಿಲ್ಲ. ಮೇಲಾಗಿ, ಒಂದು ಎಕರೆ ಎಂಬುದು ಇಡೀ ದೇಶಕ್ಕೆ ಅನ್ವಯವಾಗುವ ತಳಮಿತಿ; ಅದರ ಕೆಳಗಿನದನ್ನು ನೋಡಿಕೊಳ್ಳುವುದೇ ಸ್ಥಳೀಯ ಆಡಳಿತದ ಕೆಲಸ. ಮೇರಿಲ್ಯಾಂಡಿನಲ್ಲಿ ವಿನಾಯಿತಿ ಸಿಗಬೇಕಾದರೆ ಕೆದಕುವ ನೆಲ 5,000 ಚದರ ಅಡಿಗಿಂತಲೂ, ಅಗೆದು ಸಾಗಿಸುವ ಮಣ್ಣು 100 ಘನ ಗಜಕ್ಕಿಂತಲೂ, ಎಂದರೆ ಸುಮಾರು 76 ಘನ ಮೀಟರಿಗಿಂತಲೂ ಕಡಿಮೆಯಿರಬೇಕು. ವಿಸ್ತೀರ್ಣದ ಜೊತೆಗೆ ಘನ ಅಳತೆಯನ್ನೂ ಇಟ್ಟದ್ದು ಜಾಣತನ. ಚಿಕ್ಕ ನಿವೇಶನದಲ್ಲಿ ಆಳವಾದ ನೆಲಮಾಳಿಗೆ ತೋಡುವವರು ವಿಸ್ತೀರ್ಣದ ಲೆಕ್ಕದಿಂದ ನುಣುಚಿಕೊಂಡರೂ ಮಣ್ಣಿನ ರಾಶಿಯ ಲೆಕ್ಕದಲ್ಲಿ ಸಿಕ್ಕಿಬೀಳುತ್ತಾರೆ.

ಹಾಗೆಂದು ಪ್ರತಿ ಚಿಕ್ಕ ಮನೆಯವರಿಂದಲೂ ಎಂಜಿನಿಯರ್ ಸಹಿ ಮಾಡಿದ ನಕ್ಷೆಗಳನ್ನು ಕೇಳುವುದು ಬೇಡ. ಚಿಕ್ಕ ನಿವೇಶನಗಳಿಗೆ ಒಂದೇ ಪುಟದ ಸಿದ್ಧ ಷರತ್ತುಗಳನ್ನು ಕಟ್ಟಡ ಪರವಾನಗಿಗೇ ಲಗತ್ತಿಸಿ: ಮಣ್ಣಿನ ರಾಶಿಯನ್ನು ರಸ್ತೆಯಲ್ಲೂ ಚರಂಡಿಯ ಮೇಲೂ ಹಾಕಬಾರದು, ರಾಶಿಯನ್ನು ಮುಚ್ಚಿಡಬೇಕು, ಕೆಳ ಅಂಚಿನಲ್ಲಿ ತಡೆ ಇರಬೇಕು, ವಾಹನಗಳು ಒಂದೇ ದ್ವಾರದಿಂದ ಓಡಾಡಬೇಕು, ಪಂಪಿನಿಂದ ಎತ್ತಿದ ಕೆಸರುನೀರನ್ನು ನೇರವಾಗಿ ಚರಂಡಿಗೆ ಬಿಡಬಾರದು. ಇಷ್ಟಕ್ಕೆ ಯಾರ ಅನುಮೋದನೆಯೂ ಬೇಡ, ಪಾಲನೆ ಮಾತ್ರ ಬೇಕು.

ಇನ್ನು ಹೂಳುತಡೆ ಬೇಲಿ. ಇದನ್ನು ‘ಸುತ್ತಲೂ’ ಕಡ್ಡಾಯ ಮಾಡುವುದರಲ್ಲಿ ಅರ್ಥವಿಲ್ಲ. ನೀರು ಹೊರಬೀಳದ ಮೇಲಿನ ಅಂಚಿನಲ್ಲಿ ಬೇಲಿ ಹಾಕಿದರೆ ಬಟ್ಟೆಯೂ ದುಡ್ಡೂ ದಂಡ. ಬೇಲಿ ಎಲ್ಲಿ, ಹೇಗೆ ಎಂಬುದನ್ನು ಹೇಳಿ. ಅದು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಸಾಗಬೇಕು. ಮಟ್ಟ ತಪ್ಪಿದರೆ ನೀರೆಲ್ಲ ಬೇಲಿಯ ಉದ್ದಕ್ಕೂ ಹರಿದು ತಗ್ಗಿನ ಒಂದು ಬಿಂದುವಿನಲ್ಲಿ ಸೇರಿ ಅಲ್ಲಿ ಬೇಲಿಯನ್ನೇ ಮಲಗಿಸುತ್ತದೆ. ಎರಡೂ ತುದಿಗಳನ್ನು ಏರಿನ ಕಡೆಗೆ ಬಾಗಿಸಬೇಕು, ಇಲ್ಲವಾದರೆ ನೀರು ಪಕ್ಕದಿಂದ ಸುತ್ತಿಹೋಗುತ್ತದೆ. ಬಟ್ಟೆಯ ಬುಡವನ್ನು ಸುಮಾರು 15 ಸೆಂಟಿಮೀಟರ್ ಆಳದ ಕಾಲುವೆಯಲ್ಲಿ ಹೂತು ಮಣ್ಣನ್ನು ಗಟ್ಟಿಯಾಗಿ ದಮ್ಮಸ್ಸು ಮಾಡಬೇಕು. ತಪಾಸಣೆಗೆ ಹೋದವರು ಮಾಡಬಹುದಾದ ಅತಿ ಸರಳ ಪರೀಕ್ಷೆ ಇಲ್ಲಿದೆ: ಬಗ್ಗಿ, ಬಟ್ಟೆಯ ಬುಡವನ್ನು ಹಿಡಿದು ಮೇಲಕ್ಕೆ ಎಳೆಯಿರಿ. ಕೈಗೆ ಎದ್ದು ಬಂದರೆ ಅದು ಬೇಲಿಯಲ್ಲ, ಪರದೆ. ನೂರು ಅಡಿ ಉದ್ದದ ಬೇಲಿಗೆ ಕಾಲು ಎಕರೆಗಿಂತ ಹೆಚ್ಚಿನ ನೆಲದ ನೀರು ಬರಬಾರದು ಎಂಬುದು ಬಹಳ ಕಡೆ ಒಪ್ಪಿತವಾದ ಮಿತಿ. ಹಳ್ಳ, ಕಾಲುವೆಗಳಲ್ಲಿ ಸೇರಿ ಹರಿಯುವ ನೀರಿಗೆ ಬೇಲಿಯನ್ನು ಅಡ್ಡ ಕಟ್ಟಲೇಬಾರದು. ಹೂಳು ಬೇಲಿಯ ಅರ್ಧ ಎತ್ತರಕ್ಕೆ ಬರುವ ಮೊದಲೇ ತೆಗೆಯಬೇಕು, ತೆಗೆದ ಹೂಳನ್ನು ಬೇಲಿಯ ಕೆಳಗಡೆಗೆ ಎಸೆಯಬಾರದು. ಈ ಕೊನೆಯ ಮಾತು ಬರೆಯಬೇಕಾದಷ್ಟು ದೊಡ್ಡದೇ ಎಂದು ಅನ್ನಿಸಬಹುದು. ಬರೆಯದಿದ್ದರೆ ಅಲ್ಲಿಗೇ ಎಸೆಯುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಕೆಲಸದ ಕ್ರಮ. ಜೆಸಿಬಿ ತಂದು ಇಡೀ ಜಾಗವನ್ನು ಒಂದೇ ವಾರದಲ್ಲಿ ಬೋಳಿಸಿ, ಆಮೇಲೆ ಬೇಲಿ ಹಾಕುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ. ಜಾಗದ ಕೆಳ ಅಂಚಿನ ತಡೆಗಳು, ಹೂಳುಗುಂಡಿ, ಪ್ರವೇಶದ್ವಾರದ ಜಲ್ಲಿಹಾಸು ಇವಿಷ್ಟೂ ಸಿದ್ಧವಾಗಿ, ಅಧಿಕಾರಿ ಬಂದು ನೋಡಿ ಸಹಿ ಹಾಕುವವರೆಗೆ ಉಳಿದ ನೆಲವನ್ನು ಕೆದಕಕೂಡದು ಎಂಬ ಷರತ್ತು ನಿಮ್ಮ ಉಪವಿಧಿಯಲ್ಲಿ ಇರಲೇಬೇಕು. ಹಾಗೆಯೇ ಒಂದು ಸಲಕ್ಕೆ ತೆರೆಯಬಹುದಾದ ನೆಲದ ವಿಸ್ತೀರ್ಣಕ್ಕೆ ಗರಿಷ್ಠ ಮಿತಿ ಇರಲಿ. ಮೊದಲ ತುಂಡು ಸ್ಥಿರವಾದ ಮೇಲೆ ಎರಡನೆಯದನ್ನು ತೆರೆಯಲಿ. ಉದ್ದನೆಯ ಇಳಿಜಾರುಗಳನ್ನು ಅಡ್ಡಬದುಗಳಿಂದ ತುಂಡರಿಸುವುದನ್ನೂ ಸೇರಿಸಿ. ಶೇಕಡ 5ಕ್ಕೆ ಕಡಿಮೆಯಿಲ್ಲದ ಇಳಿಜಾರಿನಲ್ಲಿ ಉದ್ದವನ್ನು ಅರ್ಧಕ್ಕೆ ಇಳಿಸಿದರೆ, ಮೇಲೆ ಹೇಳಿದ ಸಮೀಕರಣದ ಪ್ರಕಾರ, ಅಷ್ಟೇ ವಿಸ್ತೀರ್ಣದಿಂದ ಹೋಗುವ ಮಣ್ಣು ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಮೇಲಿನ ಜಮೀನಿನಿಂದ ಬರುವ ಶುದ್ಧ ನೀರನ್ನು ಅಗೆದ ಜಾಗದೊಳಕ್ಕೆ ಬಿಟ್ಟುಕೊಳ್ಳದೆ ಸುತ್ತಿನ ಕಾಲುವೆಯಲ್ಲಿ ತಿರುಗಿಸಬೇಕು. ಇದಕ್ಕೆ ತಗಲುವ ಖರ್ಚು ಚಿಕ್ಕದು, ಕೆಳಗೆ ಕಟ್ಟಬೇಕಾದ ಗುಂಡಿಯ ಗಾತ್ರದಲ್ಲಿ ಆಗುವ ಉಳಿತಾಯ ದೊಡ್ಡದು.

ಹೂಳುಗುಂಡಿಯ ಅಳತೆಗೆ ಅಮೆರಿಕದ ಪರವಾನಗಿಯ ಒಂದು ಆಯ್ಕೆ ಎಕರೆಗೆ 3,600 ಘನ ಅಡಿ, ಎಂದರೆ ಹೆಕ್ಟೇರಿಗೆ ಸುಮಾರು 250 ಘನ ಮೀಟರ್. ಇದು ಇಡೀ ಜಾಗದಿಂದ 25 ಮಿಲಿಮೀಟರಿನಷ್ಟು ನೀರು ಹರಿದುಬಂದರೆ ಹಿಡಿಯುವ ಗಾತ್ರ. ನಿಮ್ಮಲ್ಲಿ ಒಂದೇ ದಿನ 50 ಮಿಲಿಮೀಟರ್ ಮಳೆ ಸುರಿಯುವುದು ಅಪರೂಪವಲ್ಲ ಎಂದಾದರೆ ಈ ಅಂಕಿಯನ್ನು ನಕಲು ಮಾಡಬೇಡಿ. ಒಂದು ಹೆಕ್ಟೇರಿನ ಮೇಲೆ ಅಷ್ಟು ಮಳೆ ಎಂದರೆ 500 ಘನ ಮೀಟರ್ ನೀರು, ಗಟ್ಟಿಯಾದ ಬರಿನೆಲದಲ್ಲಿ ಅದರ ದೊಡ್ಡ ಪಾಲು ಹರಿದೇ ಬರುತ್ತದೆ. ಪರವಾನಗಿಯ ಇನ್ನೊಂದು ಆಯ್ಕೆಯಂತೆ ಎರಡು ವರ್ಷಕ್ಕೊಮ್ಮೆ ಬರುವಂಥ 24 ಗಂಟೆಯ ಮಳೆಯನ್ನು ಆಧಾರವಾಗಿ ಹಿಡಿದು ಸ್ಥಳೀಯವಾಗಿ ಲೆಕ್ಕ ಹಾಕುವುದು ಉತ್ತಮ. ನೀರನ್ನು ಗುಂಡಿಯ ತಳದಿಂದ ಬಿಡದೆ ಮೇಲ್ಮೈಯಿಂದ ಬಿಡುವ ವ್ಯವಸ್ಥೆ ಇರಬೇಕು, ಏಕೆಂದರೆ ಮೊದಲು ತಿಳಿಯಾಗುವುದು ಮೇಲಿನ ನೀರು.

ಜೇಡಿಯ ವಿಷಯಕ್ಕೆ ಒಂದು ಸಣ್ಣ ಪರೀಕ್ಷೆಯನ್ನು ಅರ್ಜಿಯ ಹಂತದಲ್ಲಿಯೇ ಕೇಳಬಹುದು. ಅಗೆಯಲಿರುವ ಆಳದ ಮಣ್ಣಿನ 5 ಮಿಲಿಮೀಟರ್ ಗಾತ್ರದ ಹೆಂಟೆಯೊಂದನ್ನು ಗಾಜಿನ ಲೋಟದ ಮಳೆನೀರಿನಲ್ಲಿ ಮೆಲ್ಲಗೆ ಇಳಿಬಿಟ್ಟು, ಕದಡದೆ ನೋಡುತ್ತಿರಬೇಕು. ಹೆಂಟೆ ಕುಸಿದು ಪುಡಿಯಾಗಿ ನೀರು ತಿಳಿಯಾಗಿಯೇ ಉಳಿದರೆ ಚಿಂತೆ ಕಡಿಮೆ. ಹೆಂಟೆಯ ಸುತ್ತ ಹಾಲಿನಂಥ ಮೋಡ ಹಬ್ಬತೊಡಗಿದರೆ ಆ ಜೇಡಿ ನೀರಿನಲ್ಲಿ ಚದುರುವ ಜಾತಿಯದು. ಅಂಥ ಜಾಗದಲ್ಲಿ ಗುಂಡಿಯ ನೀರಿಗೆ ಜಿಪ್ಸಮ್‌ನಂಥ ಹೆಪ್ಪುಗಟ್ಟಿಸುವ ವಸ್ತು ಬೆರೆಸದೆ ಅದು ತಿಳಿಯಾಗುವುದಿಲ್ಲ. ಗಡಸು ನೀರಿನ ಲವಣಗಳು ಈ ಗುಣವನ್ನು ಮರೆಮಾಚುವುದರಿಂದ ಕೊಳವೆಬಾವಿಯ ನೀರಿನಲ್ಲಿ ಪರೀಕ್ಷಿಸಬಾರದು. ಜೇಡಿಯನ್ನು ಹೆಪ್ಪುಗಟ್ಟಿಸಲು ಪಾಲಿಅಕ್ರಿಲಮೈಡ್ ಎಂಬ ಪಾಲಿಮರ್ ಬಳಸುವವರಿಗೆ ಋಣವಿದ್ಯುದಂಶದ ಬಗೆಯನ್ನು ಮಾತ್ರ ಅನುಮತಿಸಿ. ಧನವಿದ್ಯುದಂಶದ ಬಗೆ ಮೀನುಗಳ ಕಿವಿರಿಗೆ ಅಂಟಿ ಅವುಗಳನ್ನು ಕೊಲ್ಲುತ್ತದೆ.

ಪ್ರಯೋಗಾಲಯವಿಲ್ಲದೆ ಜಾರಿ ಹೇಗೆ ಎಂಬ ನಿಮ್ಮ ಪ್ರಶ್ನೆಗೆ ಅಮೆರಿಕದ ಅನುಭವವೇ ಅರ್ಧ ಉತ್ತರ. ಅಲ್ಲಿನ ಪರಿಸರ ಸಂಸ್ಥೆ 2009ರಲ್ಲಿ ದೊಡ್ಡ ಕಾಮಗಾರಿಗಳ ಹೊರನೀರಿನ ರಾಡಿಗೆ 280 ಎನ್‌ಟಿಯು (ನೀರು ಎಷ್ಟು ಕದಡಿದೆ ಎಂಬುದನ್ನು ಅಳೆಯುವ ಮಾನ) ಎಂಬ ಸಂಖ್ಯಾಮಿತಿಯನ್ನು ವಿಧಿಸಿತು. ಆ ಸಂಖ್ಯೆಯ ಲೆಕ್ಕದ ಬಗ್ಗೆಯೇ ತಕರಾರು ಎದ್ದು, ಮಿತಿಯನ್ನು ಮೊದಲು ತಡೆಹಿಡಿದು 2014ರಲ್ಲಿ ಕೈಬಿಡಲಾಯಿತು. ಉಳಿದುಕೊಂಡದ್ದು ಬರಿನೆಲದ ಅವಧಿ, ಅಂಚಿನ ತಡೆ, ಜಲಮೂಲದ ಬದಿಯಲ್ಲಿ 50 ಅಡಿ ಸಹಜ ಹಸಿರುಪಟ್ಟಿ, ತಪಾಸಣೆಯ ದಿನಗಳು ಎಂಬ ಕಣ್ಣಿಗೆ ಕಾಣುವ ಷರತ್ತುಗಳು. ವಾಷಿಂಗ್ಟನ್ ರಾಜ್ಯದಲ್ಲಿ 25 ಎನ್‌ಟಿಯು ಎಂಬುದು ದಂಡದ ಗೆರೆಯಲ್ಲ; ದಾಟಿದರೆ ಜಾಗದ ಕ್ರಮಗಳನ್ನು ಸರಿಪಡಿಸಬೇಕೆಂದು ಎಚ್ಚರಿಸುವ ಗೆರೆ. ನೀವು ಅಂಕಿಯನ್ನು ಸೇರಿಸಲೇಬೇಕೆಂದರೆ ಈ ಎರಡನೆಯ ರೀತಿಯಲ್ಲಿ ಸೇರಿಸಿ.

ತಪಾಸಣೆಯ ಮೊದಲ ಹೊಣೆಯನ್ನು ಗುತ್ತಿಗೆದಾರರ ಮೇಲೆಯೇ ಇಡಿ. ತರಬೇತಿ ಪಡೆದ ಒಬ್ಬ ಹೊಣೆಗಾರನ ಹೆಸರು ಪರವಾನಗಿಯಲ್ಲಿ ಇರಲಿ. ಅವನು ಏಳು ದಿನಕ್ಕೊಮ್ಮೆ ಹಾಗೂ ಗಣನೀಯ ಮಳೆಯಾದ 24 ಗಂಟೆಗಳೊಳಗೆ ಜಾಗವನ್ನು ಸುತ್ತಿ, ಕಂಡದ್ದನ್ನು ದಿನಾಂಕ ಸಹಿತ ಬರೆದಿಡಲಿ. ಗಣನೀಯ ಎಂದರೆ ಎಷ್ಟು ಮಿಲಿಮೀಟರ್ ಎಂಬುದನ್ನು ನೀವು ನಿಗದಿಪಡಿಸಿ, ಜಾಗದಲ್ಲಿಯೇ ಒಂದು ಮಳೆಮಾಪಕ ಇಡಿಸಿ. ನಿಮ್ಮ ಅಧಿಕಾರಿಗಳು ಎಲ್ಲ ಜಾಗಗಳಿಗೂ ಹೋಗಲಾರರು, ಆದರೆ ಹೋಗುವ ದಿನವನ್ನು ಆರಿಸಿಕೊಳ್ಳಬಲ್ಲರು: ಬಿಸಿಲಿನ ದಿನದ ಹತ್ತು ಭೇಟಿಗಳಿಗಿಂತ ಮಳೆ ಬೀಳುತ್ತಿರುವಾಗಿನ ಒಂದು ಭೇಟಿ ಹೆಚ್ಚು ಹೇಳುತ್ತದೆ. ಆಗ ನೋಡಬೇಕಾದದ್ದು ಜಾಗದ ನಡುಭಾಗವನ್ನಲ್ಲ, ನೀರು ಹೊರಬೀಳುವ ಬಾಯಿಯನ್ನು. ದ್ವಾರದ ಜಲ್ಲಿಹಾಸನ್ನೂ ನೋಡಿ. 50ರಿಂದ 75 ಮಿಲಿಮೀಟರಿನ ಜಲ್ಲಿಯ ಸಂದುಗಳು ಕೆಸರಿನಿಂದ ಮೆತ್ತಿ ನುಣ್ಣಗಾಗಿದ್ದರೆ ಟಿಪ್ಪರ್ ಚಕ್ರದ ಮಣ್ಣು ಅಲ್ಲಿ ಉದುರದೆ ರಸ್ತೆಗೇ ಬರುತ್ತಿದೆ ಎಂದರ್ಥ. ರಸ್ತೆಗೆ ಬಂದ ಮಣ್ಣನ್ನು ಅದೇ ದಿನ ಸಂಜೆಯೊಳಗೆ ಗುಡಿಸಿ ತೆಗೆಯಬೇಕು, ನೀರು ಬಿಟ್ಟು ಚರಂಡಿಗೆ ತೊಳೆಯಬಾರದು.

ದಂಡಕ್ಕಿಂತ ಕೆಲಸ ನಿಲ್ಲಿಸುವ ಆದೇಶಕ್ಕೆ ಹೆಚ್ಚು ಬಲವಿದೆ. ದಂಡವನ್ನು ಖರ್ಚಿನ ಬಾಬತ್ತಿಗೆ ಸೇರಿಸಿ ಮುಂದುವರಿಯುವವರೂ ಕಾಂಕ್ರೀಟ್ ಹಾಕುವ ದಿನ ಕೆಲಸ ನಿಂತರೆ ಬೇಲಿ ಸರಿಪಡಿಸುತ್ತಾರೆ. ಆದೇಶ ಹೊರಡಿಸುವಾಗ ಸವೆತ ತಡೆಯುವ ಕೆಲಸಕ್ಕೆ ಮಾತ್ರ ಅನುಮತಿ ಮುಂದುವರಿಯುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ.

ಇನ್ನೊಂದು ಸಂಗತಿ ನಿಮ್ಮ ಕರಡಿನಲ್ಲಿ ಇಲ್ಲವೇ ಇಲ್ಲ: ಅರ್ಧಕ್ಕೆ ನಿಂತ ಕಾಮಗಾರಿ. ಹಣದ ತೊಂದರೆಯಿಂದಲೋ ವ್ಯಾಜ್ಯದಿಂದಲೋ ಅಗೆದು ಬಿಟ್ಟ ಜಾಗಗಳಲ್ಲಿ ಕೆಲಸ ನಿಲ್ಲಿಸುವ ಆದೇಶಕ್ಕೆ ಅರ್ಥವಿಲ್ಲ, ದಂಡ ಕಟ್ಟುವವರೂ ಸಿಗುವುದಿಲ್ಲ, ಆದರೆ ಪ್ರತಿ ಮಳೆಗೂ ಮಣ್ಣು ಹೋಗುತ್ತಲೇ ಇರುತ್ತದೆ. ಒಂದು ಹೆಕ್ಟೇರಿನಿಂದ ಒಂದೇ ಮಿಲಿಮೀಟರ್ ಪದರ ಹೋದರೂ ಅದು 10 ಘನ ಮೀಟರ್ ಮಣ್ಣು. ಇದಕ್ಕಾಗಿ ಪರವಾನಗಿ ಕೊಡುವಾಗಲೇ ಇಡೀ ಜಾಗವನ್ನು ಹೊದಿಕೆಯಿಂದ ಮುಚ್ಚಿ ಹುಲ್ಲು ಹಿಡಿಸಲು ತಗಲುವಷ್ಟು ಮೊತ್ತವನ್ನು ಠೇವಣಿಯಾಗಿ ಪಡೆಯಿರಿ. ಕಾಲಮಿತಿ ಮೀರಿ ನೆಲ ಬರಿದಾಗಿಯೇ ಉಳಿದರೆ, ಲಿಖಿತ ತಿಳಿವಳಿಕೆ ಕೊಟ್ಟು ನಿಗದಿತ ದಿನಗಳ ನಂತರ ಜಾಗದೊಳಗೆ ಪ್ರವೇಶಿಸಿ ಆ ಹಣದಿಂದ ಕೆಲಸ ಮಾಡಿಸುವ ಅಧಿಕಾರ ಉಪವಿಧಿಯಲ್ಲಿಯೇ ಇರಬೇಕು. ಪ್ರವೇಶದ ಅಧಿಕಾರವನ್ನು ಬರೆಯದೆ ಠೇವಣಿಯನ್ನು ಮಾತ್ರ ಪಡೆದರೆ ಹಣ ಖಾತೆಯಲ್ಲಿರುತ್ತದೆ, ಮಣ್ಣು ಕೆರೆಯಲ್ಲಿರುತ್ತದೆ. ಠೇವಣಿಯನ್ನು ಕಟ್ಟಡ ಮುಗಿದ ದಿನ ಮರಳಿಸಬೇಡಿ. ಮೇಲೆ ಹೇಳಿದ ಶೇಕಡ 70ರ ಹೊದಿಕೆ ಬಂದಿರುವುದನ್ನು ಸ್ಥಳದಲ್ಲಿ ನೋಡಿ, ಚರಂಡಿಯಲ್ಲಿ ಆ ಜಾಗದಿಂದ ಬಂದ ಹೂಳನ್ನು ತೆಗೆಸಿ, ಆ ಬಳಿಕ ಮರಳಿಸಿ. ಉಪವಿಧಿ ಜಾರಿಗೆ ಬರುವ ಮುಂಚೆಯೇ ಅಗೆದಿರುವ ಜಾಗಗಳಿಂದ ಹಿಂದಿನ ದಿನಾಂಕದ ಠೇವಣಿ ಕೇಳಲಾಗದು. ಆದರೆ ಅವುಗಳ ಪರವಾನಗಿ ನವೀಕರಣಕ್ಕೆ ಬಂದಾಗ ಬರಿನೆಲದ ಕಾಲಮಿತಿಯನ್ನು ಷರತ್ತಾಗಿ ಸೇರಿಸಲು ಅವಕಾಶವಿರುವಂತೆ ಒಂದು ಪರಿವರ್ತನಾ ಕಲಮನ್ನು ಕರಡಿನ ಕೊನೆಯಲ್ಲಿ ಸೇರಿಸಿ.